ಉಪ್ಪು ಹಚ್ಚಿದ ಕಣ್ಣುಗಳು

ಯಲಬುರ್ಗಾ ಸೀಮೆಯಲ್ಲಿ ಕಣ್ಣಿನ ಪೊರೆ ಸರಿಸುವ ವಿದ್ಯೆ ಗೊತ್ತಿದ್ದವರು ರಾಜಾಸಾಬರೊಬ್ಬರೇ. ಕಣ್ಣಿನ ಬಿಳಿಯ ಅಂಚಿಗೆ ಸೂಜಿ ಇಳಿಸಿ, ಪೊರೆಯನ್ನು ಮೆಲ್ಲಗೆ ಕೆಳಗೆ ತಳ್ಳುತ್ತಿದ್ದರು. ಮಹಾಯುದ್ಧ ಶುರುವಾದ ವರ್ಷ, ವಯಸ್ಸಾಗಿ, ಅವರ ಕೈ ನಡುಗತೊಡಗಿತು. ಮಗಳು ಕಾಸೀಮಬೀಯನ್ನೇ ಎದುರಿಗೆ ಕೂರಿಸಿಕೊಂಡು ಕಲಿಸಲು ನಿಂತರು.

ಕಲಿಕೆಯೆಲ್ಲ ಕುರಿಯ ಕಣ್ಣಿನ ಮೇಲೆ. ಕಟುಕರ ಅಂಗಡಿಯಿಂದ ತಂದ ಕಣ್ಣನ್ನು ಜೋಳದ ಹಿಟ್ಟಿನ ಮುದ್ದೆಯಲ್ಲಿ ಕೂರಿಸಿ ಅವಳು ಸೂಜಿ ಹಿಡಿಯುತ್ತಿದ್ದಳು. ಆದರೆ ಶ್ರಾವಣದಲ್ಲಿ ಊರಿನಲ್ಲಿ ಕುರಿ ಕಡಿಯುವುದಿಲ್ಲ. ಕೈಗೆ ಬಂದ ವಿದ್ಯೆ ತಪ್ಪಿಹೋಗಬಾರದೆಂದು ಕಾಸೀಮಬೀ ಮುಂಚೆಯೇ ಒಂದು ಗಡಿಗೆಯಷ್ಟು ಕಣ್ಣುಗಳಿಗೆ, ಮಾಂಸಕ್ಕೆ ಹಚ್ಚುವಂತೆ, ಉಪ್ಪು ಹಚ್ಚಿಟ್ಟಳು.

"ಭಾಳ ಛಲೋ ತಲಿ ಓಡಿಸಿದಿ ಬೇಟಿ," ಎಂದರು ರಾಜಾಸಾಬ.

ತಿಂಗಳಿಡೀ, ದಿನವೂ ಅಡುಗೆ ಮುಗಿಸಿ, ಅವಳು ಅದೇ ಕಣ್ಣುಗಳ ಮೇಲೆ ಕೈ ತಿದ್ದಿಕೊಂಡಳು. ಮೊದಲು ಸೂಜಿ ಇಳಿಯದೆ ಬೆರಳು ನೋಯುತ್ತಿತ್ತು. ಬರಬರುತ್ತ ಎಷ್ಟು ಒತ್ತಬೇಕೆಂಬುದನ್ನು ಬೆರಳೇ ಕಲಿತುಕೊಂಡಿತು.

ಶ್ರಾವಣ ಮುಗಿಯುವ ಹೊತ್ತಿಗೆ ಪಕ್ಕದ ಓಣಿಯ ಮುದಕಮ್ಮ ಬಂದಳು. ಒಂದು ಕಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು ಮಂಜು ಮಂಜಾಗಿ ಕಾಣುತ್ತಿತ್ತು. ಅವಳ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು.

"ಬಾಣಂತನ ಮಾಡೂದರೊಳಗ ಕಣ್ಣು ಕೊಡ ಯವ್ವಾ. ಕುರಿ ಮ್ಯಾಲ ಕಲ್ತೀಯಂತ, ಮತ್ತ ನಾ ಎದ್ದು ಬ್ಯಾ ಅಂದೇನು!"

"ಅಂದ್ರ ಮೇವು ಹಾಕ್ತೀನಿ ಆಯಿ, ಅಲುಗಬ್ಯಾಡ," ಎಂದು ನಕ್ಕಳು ಕಾಸೀಮಬೀ.

ರಾಜಾಸಾಬ ಮುದಕಮ್ಮನ ತಲೆಯನ್ನು ಎದೆಗೊತ್ತಿ ಹಿಡಿದರು. ಕಾಸೀಮಬೀ ಸೂಜಿ ಇಟ್ಟು, ಕಲಿತಷ್ಟೇ ಒತ್ತಿದಳು. ಮಾಗಿದ ಹಣ್ಣಿಗೆ ಚುಚ್ಚಿದಂತೆ ಸೂಜಿ ಒಮ್ಮೆಲೇ ಒಳಗಿಳಿಯಿತು. ಮುದಕಮ್ಮ ಚೀರಿದಳು. ಕಣ್ಣೊಳಗೆ ರಕ್ತ ತುಂಬಿಕೊಂಡಿತು.

ರಾಜಾಸಾಬ ಅರಿವೆ ಕಟ್ಟಿ ಅವಳನ್ನು ಮಲಗಿಸಿದರು. ಹಿತ್ತಲಿಗೆ ಬಂದವರೇ ಗಡಿಗೆಯಲ್ಲಿ ಉಳಿದಿದ್ದ ಒಂದು ಕಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.

"ಉಪ್ಪಿಗೆ ಗಟ್ಟಿ ಆಗಿದ್ವು ಬೇಟಿ ಅವು. ಜೀವ ಇರೂ ಕಣ್ಣು ಮೆತ್ತಗ ಇರತೈತಿ. ನನಗೂ ಹೊಳೀಲಿಲ್ಲ."

ಕಾಸೀಮಬೀ ತನ್ನ ಬೆರಳನ್ನೇ ನೋಡುತ್ತ ನಿಂತಳು. ಎಷ್ಟು ಹೆಚ್ಚು ಕಲಿತಿತ್ತೋ ಅಷ್ಟು ಕೆಟ್ಟಿತ್ತು ಅದು.

ವಾರದ ಮೇಲೆ ಅವಳೇ ಹೋಗಿ, ಬಾಗಿಲಲ್ಲಿ ಬೆಳಕಿಗೆ ಮುದಕಮ್ಮನನ್ನು ಕೂರಿಸಿ ಕಟ್ಟು ಬಿಚ್ಚಿದಳು.

"ಲಗೂ ಬಿಚ್ಚ ಯವ್ವಾ," ಎಂದಳು ಮುದಕಮ್ಮ. "ನಾಳಿ ಮಗಳು ಬರ್ತಾಳ."

ಬಿಚ್ಚಿದ ಅರಿವೆ ಕಾಸೀಮಬೀಯ ಕೈಯಲ್ಲಿತ್ತು. "ಆಗಲೇ ಬಿಚ್ಚೀನಿ ಆಯಿ," ಎಂದಳು.

ಮುದಕಮ್ಮ ಕೈಯೆತ್ತಿ ಕಣ್ಣಿನ ರೆಪ್ಪೆ ಮುಟ್ಟಿ ನೋಡಿಕೊಂಡಳು. ಕೈಯನ್ನು ಮುಖದ ಮುಂದೆ ಆಡಿಸಿದಳು. ಆಮೇಲೆ ಕಾಸೀಮಬೀಯ ಮಣಿಕಟ್ಟನ್ನು ತಡಕಾಡಿ ಹಿಡಿದಳು.

"ಹಂಗಾರ ಕೂಸಿಗೆ ನೀರು ನೀನ ಹಾಕಬೇಕು."

"ಈ ಕೈಲೇನು ಆಯಿ?"

"ಮತ್ಯಾರ ಅದಾರ ನನಗ?" ಎಂದಳು ಮುದಕಮ್ಮ. ಹಿಡಿದ ಕೈ ಬಿಡಲಿಲ್ಲ.