ಓಬಕ್ಕನ ಮನೆಯ ಹೆಪ್ಪು

ಜರಡಿ ಸುಳ್ಳು ಹೇಳುವುದಿಲ್ಲ ಎಂದು ಆಫೀಸಿನಲ್ಲೆಲ್ಲ ಸಾರಿಕೊಂಡು ತಿರುಗಿದವಳು ನಾನೇ. ಆದ್ದರಿಂದ ಜರಡಿಯ ಮಾತು ಕೇಳಿ ನಮ್ಮ ಮಾಲೀಕರಾದ ಕಿರಣ್‌ಕುಮಾರ್ ಅವರು ಬೀರೇಶನನ್ನು ಕೆಲಸದಿಂದ ತೆಗೆಯಲು ಹೊರಟಾಗ ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ. ಆದರೂ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಜರಡಿ ಅಂದರೆ ಒಂದು ಪ್ರೋಗ್ರಾಮು. ಹೊಸದುರ್ಗದ ನಮ್ಮ ಆಫೀಸಿನಿಂದ ಸುತ್ತಲ ಹಳ್ಳಿಗಳಿಗೆ ಇಂಟರ್ನೆಟ್ ಹೋಗುತ್ತದೆ. ಯಾವ ಮನೆಗೆ ಎಷ್ಟು ಡೇಟಾ ಹರಿಯುತ್ತಿದೆ, ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಅದು ಸೋಸಿ ಹೇಳುತ್ತದೆ. ಬಣ್ಣದ ಚಿತ್ರ, ಬಟನ್ನು ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿದರೆ ಸಾಲುಸಾಲಾಗಿ ಅಕ್ಷರಗಳು ಉದುರುತ್ತವೆ. ಅದನ್ನು ಮೊದಲು ಬರೆದವನು ಯಾವುದೋ ದೇಶದವನು, ಮುಖ ಕಂಡಿಲ್ಲ. ಬೇಕಾದವರು ತೆಗೆದುಕೊಳ್ಳಿ, ತಿದ್ದಿಕೊಳ್ಳಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ. ನಾನು ತಂದು ನಮ್ಮ ಹಳ್ಳಿಗಳ ಹೆಸರು ಸೇರಿಸಿ, ಜರಡಿ ಎಂದು ಕರೆದು, ಮುನಿಸಿಕೊಂಡಾಗೆಲ್ಲ ರಮಿಸಿ ಸಾಕುತ್ತಿದ್ದೇನೆ. ಅದು ಸರಿಯಾಗಿ ನಡೆದ ದಿನ ಆ ಪುಣ್ಯಾತ್ಮನನ್ನು ನೆನೆಯುತ್ತೇನೆ. ಕೈಕೊಟ್ಟ ದಿನ ಅವನ ವಂಶವನ್ನೆಲ್ಲ ನೆನೆಯುತ್ತೇನೆ.

ಬೀರೇಶ ನಮ್ಮ ಲೈನ್‌ಮನ್. ಕಂಬ ಹತ್ತುವುದು, ತಂತಿ ಎಳೆಯುವುದು, ಮನೆಮನೆಗೆ ರೂಟರ್ ಕೂರಿಸುವುದು ಎಲ್ಲ ಅವನೇ. ಹೆಂಡತಿ ಮಗು ಇರುವವನು, ಈ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ. ಕದ್ದ ಎಂಬ ಮಾತು ಒಮ್ಮೆ ಅಂಟಿದರೆ ಇಡೀ ಜಿಲ್ಲೆಯಲ್ಲಿ ಯಾವ ಕೇಬಲ್‌ನವರೂ ಅವನನ್ನು ಬಾಗಿಲೊಳಗೆ ಬಿಡುವುದಿಲ್ಲ.

ಈಚೆಗೆ ಬಾಗೂರು ಮತ್ತು ಅದರ ಆಸುಪಾಸಿನ ಹಳ್ಳಿಗಳ ಲೈನುಗಳನ್ನು ಆಫೀಸಿನಲ್ಲಿ ಒಂದೇ ಕಡೆ ತಂದು ಸೇರಿಸಿದ್ದೆವು. ಅವತ್ತಿನಿಂದ ಜರಡಿ ಒಂದೇ ರಾಗ ಹಿಡಿಯಿತು: ಬಾಗೂರಿನ ಓಬಕ್ಕ, ಓಬಕ್ಕ, ಓಬಕ್ಕ. ಒಬ್ಬಳು ವಯಸ್ಸಾದ ಹೆಂಗಸಿನ ಮನೆಗೆ ಕಲ್ಯಾಣಮಂಟಪಕ್ಕೆ ಸಾಕಾಗುವಷ್ಟು ಡೇಟಾ! ಆ ಓಬಕ್ಕ ಬೀರೇಶನ ದೊಡ್ಡವ್ವ ಎಂಬುದು ಎಲ್ಲರಿಗೂ ಗೊತ್ತಿತ್ತು.

"ದೊಡ್ಡವ್ವನ ಮನೆಯಿಂದ ತಂತಿ ಎಳ್ದು ಊರಿಗೆಲ್ಲ ಕದ್ದು ಕೊಡ್ತಾ ಅವ್ನೆ" ಎಂದರು ಕಿರಣ್‌ಕುಮಾರ್. "ನಿನ್ ಜರಡೀನೇ ಹೇಳ್ತಾ ಐತಲ್ಲಮ್ಮ. ಸೋಮವಾರ ಬರ್ಲಿ, ಕೈಮುಗ್ದು ಕಳಿಸ್ತೀನಿ."

"ಸರ್, ಒಂದ್ಸಲ ಹೋಗಿ ನೋಡ್ಕಂಡ್ ಬರ್ತೀನಿ."

"ನೋಡೋದೇನೈತೆ? ಹೋಗು, ತಂತಿ ಎಲ್ಲಿಂದ ಎಲ್ಲಿಗೆ ಹೋಗೈತೆ ಅಂತ ಫೋಟೋ ತಗಂಡ್ ಬಾ."

ಬೀರೇಶ ಬಾಗಿಲ ಹೊರಗೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಅಕ್ಕ, ನಾನು ಕದ್ದಿಲ್ಲ" ಎಂದ, ಅಷ್ಟೇ. ಆಣೆ ಪ್ರಮಾಣ ಏನೂ ಮಾಡಲಿಲ್ಲ. ನನಗೆ ಅವನ ಮೇಲೂ ಸಿಟ್ಟು, ಜರಡಿಯ ಮೇಲೂ ಸಿಟ್ಟು. "ಗಾಡಿ ತೆಗಿ, ಹೋಗಾಣ" ಎಂದೆ.

ಓಬಕ್ಕ ಜಗಲಿಯ ಮೇಲೆ ಉಣ್ಣೆ ಹಿಂಜುತ್ತಾ ಕೂತಿದ್ದಳು. ಗಂಡ ಗೋವಿಂದಪ್ಪ ಕುರಿಮಂದೆ ಹೊಡೆದುಕೊಂಡು ಭರಮಸಾಗರದ ಕಡೆ ಹೋಗಿದ್ದ. ಅಲ್ಲಿ ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ದಿನಾ ಸಂಜೆ ಅವನು ವಿಡಿಯೋದಲ್ಲಿ ಕುರಿಗಳನ್ನು ತೋರಿಸಬೇಕು, ಇವಳು ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸಬೇಕು. ಅವಳಿಗೆ ಇಂಟರ್ನೆಟ್ ಬೇಕಾಗಿದ್ದೇ ಅದಕ್ಕೆ. ರೂಟರಿಗೆ ಆಯುಧಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು.

"ಬಾರವ್ವ, ಕುಂತ್ಕ" ಎಂದಳು. ನಾನು ಕೂರದೆ ಮನೆಯ ಸುತ್ತ ಒಂದು ಸುತ್ತು ಹಾಕಿದೆ. ಸೂರು ನೋಡಿದೆ, ಗೋಡೆ ನೋಡಿದೆ, ಹಿತ್ತಿಲು ನೋಡಿದೆ.

"ಏನ್ ಹುಡುಕ್ತಾ ಇದೀಯವ್ವ?"

"ತಂತಿ ಹುಡುಕ್ತಾ ಇದೀನಿ."

"ಅಲ್ಲೈತಲ್ಲ, ಕಂಬ್ಳಿ ಒಣಾಕೀನಿ ನೋಡು."

ಹಿತ್ತಿಲಲ್ಲಿದ್ದ ತಂತಿ ಅದೊಂದೇ. ನಗು ಬಂತು, ನಗಲು ಧೈರ್ಯವಾಗಲಿಲ್ಲ. ಜಗಲಿಯ ತುದಿಯಲ್ಲಿ ಕೂತು, ನನ್ನ ಫೋನಿನ ಮೂಲಕ ಲ್ಯಾಪ್‌ಟಾಪನ್ನು ಆಫೀಸಿಗೆ ಜೋಡಿಸಿ ಜರಡಿಯನ್ನು ಓಡಿಸಿದೆ. ಎಲ್ಲಕ್ಕಿಂತ ಮೇಲೆ ಓಬಕ್ಕನ ಹೆಸರು, ಪಕ್ಕದಲ್ಲಿ ಅಂಕಿಗಳು ದಬದಬ ಏರುತ್ತಿದ್ದವು. ನಿಜವಾದ ಓಬಕ್ಕ ನನ್ನ ಎದುರು ಉಣ್ಣೆ ಹಿಂಜುತ್ತಿದ್ದಳು. ಮನೆಯಲ್ಲಿದ್ದ ಒಂದೇ ಫೋನು ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಬೀರೇಶ, ರೂಟರ್ ಪ್ಲಗ್ ಕೀಳು!" ಎಂದು ಕೂಗಿದೆ.

ಅವನು ಪ್ಲಗ್ ಕಿತ್ತು, ರೂಟರನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದ. ಪರದೆಯ ಮೇಲೆ ಓಬಕ್ಕ ಓಡುತ್ತಲೇ ಇದ್ದಳು.

"ದೊಡ್ಡವ್ವ ಇಲ್ಲೇ ಅವ್ಳೆ, ಡಬ್ಬಿ ಸತ್ತೈತೆ. ಮತ್ತೆ ಇವ್ಳ್ಯಾರಕ್ಕ?" ಎಂದ.

ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಜರಡಿ ಸುಳ್ಳು ಹೇಳುತ್ತಿತ್ತು. ಲೆಕ್ಕ ಮಾಡುವುದನ್ನು ನಿಲ್ಲಿಸಿ, ಹಾದುಹೋಗುವ ಡೇಟಾದ ತುಣುಕುಗಳನ್ನು ಹಸಿಹಸಿಯಾಗಿಯೇ ತೋರಿಸು ಎಂದು ಅದಕ್ಕೆ ಹೇಳಿದೆ. ಪ್ರತಿ ರೂಟರಿಗೂ ಕಾರ್ಖಾನೆಯಲ್ಲೇ ಒಂದು ವಿಳಾಸ ಕೊಟ್ಟಿರುತ್ತಾರೆ. ಒಂದರ ವಿಳಾಸ ಇನ್ನೊಂದಕ್ಕೆ ಇರಬಾರದು. ಜರಡಿ ಮನೆಯನ್ನು ಗುರುತಿಸುವುದು ಆ ವಿಳಾಸದಿಂದಲೇ. ಜೊತೆಗೆ ತುಣುಕು ಯಾವ ಊರಿನ ಲೈನಿನಿಂದ ಬಂತು ಎಂಬುದೂ ಅದರ ಮೇಲೆ ಬರೆದಿರುತ್ತದೆ, ಅದನ್ನು ಮಾತ್ರ ಜರಡಿ ನೋಡುತ್ತಲೇ ಇರಲಿಲ್ಲ. ಈಗ ಅದನ್ನೂ ತೋರಿಸು ಎಂದೆ. ಓಬಕ್ಕನ ವಿಳಾಸ ಬಾಗೂರು ಬಿಟ್ಟು ಸುತ್ತಲ ಎಲ್ಲ ಊರುಗಳಿಂದಲೂ ಬರುತ್ತಿತ್ತು.

"ಬೀರೇಶ, ಹೊಸ ರೂಟರ್ ಹೆಂಗ್ ಕೂರಿಸ್ತೀಯ? ನಿಜ ಹೇಳು."

ಅವನು ದೊಡ್ಡವ್ವನ ಮುಖ ನೋಡಿದ, ನನ್ನ ಮುಖ ನೋಡಿದ.

"ಅಕ್ಕ, ನಗಬೇಡ. ಊರಲ್ಲಿ ಯಾರ ಮನೇಲಿ ಮೊಸರು ಕೆಟ್ರೂ ನಮ್ ದೊಡ್ಡವ್ವನ ಹತ್ರಾನೇ ಹೆಪ್ಪು ಇಸ್ಕಂಡ್ ಹೋಗ್ತಾರೆ. ಕೈಗುಣ ಹಂಗೈತೆ. ನಾನು ಮೊದ್ಲು ಕೂರಿಸಿದ್ದು ಇದೇ ರೂಟರು, ಒಂದೇ ಏಟಿಗೆ ಹತ್ಕಂತು, ಇವತ್ತಿಗೂ ಒಂದ್ ದಿನ ಕೆಟ್ಟಿಲ್ಲ. ಅದ್ಕೇ ಯಾವ್ ಊರಿಗೆ ಹೊಸ ಲೈನ್ ಹೋದ್ರೂ ಮೊದಲ್ನೇ ಮನೇಗೆ ದೊಡ್ಡವ್ವನ ರೂಟರ್ ಸೆಟಿಂಗ್ ಕಾಪಿ ಮಾಡ್ಕಂಡ್ ಹೋಗಿ ಹಾಕ್ತೀನಿ. ಲೈನ್ ಚೆನ್ನಾಗಿ ಕೂರ್ಲಿ ಅಂತ."

ಸೆಟಿಂಗಿನ ಜೊತೆ ಓಬಕ್ಕನ ರೂಟರಿನ ವಿಳಾಸವೂ ಊರೂರಿಗೆ ಹೋಗಿ, ಹೊಸ ರೂಟರುಗಳ ಸ್ವಂತ ವಿಳಾಸದ ಜಾಗದಲ್ಲಿ ಕೂತಿತ್ತು. ಮೊದಲನೇ ಮನೆ ಎಂದರೆ ಒಂದೂರಲ್ಲಿ ಹಾಸ್ಟೆಲ್ಲು, ಇನ್ನೊಂದೂರಲ್ಲಿ ಜೆರಾಕ್ಸ್ ಅಂಗಡಿ. ಆ ವಿಳಾಸದ ರೂಟರು ಊರಿಗೊಂದೇ ಇದ್ದುದರಿಂದ ಎಲ್ಲೂ ಒಂದಕ್ಕೊಂದು ಜಗಳವಾಗಿರಲಿಲ್ಲ. ಲೈನುಗಳು ಒಂದಾದ ಮೇಲೆ ಅಷ್ಟನ್ನೂ ಜರಡಿ ಓಬಕ್ಕನ ತಲೆಗೇ ಕಟ್ಟಿತ್ತು. ಆ ಹಾಸ್ಟೆಲ್ಲು, ಆ ಅಂಗಡಿ ಲೆಕ್ಕದಲ್ಲಿ ಯಾಕೆ ಕಾಣುತ್ತಿಲ್ಲ ಎಂದು ನಾನಾದರೂ ಕೇಳಬೇಕಿತ್ತು. ಹೊಸಬರು, ಇನ್ನೂ ಬಳಸುವುದು ರೂಢಿಯಾಗಿಲ್ಲ ಎಂದುಕೊಂಡು ಸುಮ್ಮನಿದ್ದೆ.

"ಲೇ, ಹೆಪ್ಪು ಹಾಕೋಕೆ ಇದೇನ್ ಹಾಲೇನೋ!" ಎಂದು ಓಬಕ್ಕ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ನಕ್ಕಳು. ಆಮೇಲೆ ನಾವೆಲ್ಲರೂ ನಕ್ಕೆವು.

ಜರಡಿಯಲ್ಲಿ ತಿದ್ದಬೇಕಾಗಿದ್ದು ಸಣ್ಣದು. ಮನೆಯನ್ನು ಗುರುತಿಸುವಾಗ ಬರೀ ವಿಳಾಸ ನೋಡಬೇಡ, ಊರಿನ ಲೈನನ್ನೂ ಸೇರಿಸಿ ನೋಡು ಎಂದು ಬರೆದೆ. ಈ ತಪ್ಪು ಮತ್ತೆ ನುಸುಳದಂತೆ ಒಂದು ಪರೀಕ್ಷೆಯನ್ನೂ ಸೇರಿಸಿದೆ. ಇನ್ನು ಮುಂದೆ ಪ್ರೋಗ್ರಾಮಿನಲ್ಲಿ ಏನೇ ಬದಲಾಯಿಸಿದರೂ ಮೊದಲು ಆ ಪರೀಕ್ಷೆ ಪಾಸಾಗಬೇಕು. ಅದಕ್ಕೆ 'ಓಬಕ್ಕ' ಎಂದೇ ಹೆಸರಿಟ್ಟೆ. ಮತ್ತೆ ಓಡಿಸಿದಾಗ ಹಾಸ್ಟೆಲ್ಲು ಮೇಲೆ ಬಂತು, ಅಂಗಡಿ ಅದರ ಕೆಳಗೆ ಬಂತು. ಬಾಗೂರಿನ ಓಬಕ್ಕನ ಮುಂದೆ ಸೊನ್ನೆ. ಆ ಸೊನ್ನೆ ನೋಡಿ ನನಗಾದ ಸಂತೋಷ ನನ್ನ ಕಾಲೇಜಿನ ಪರೀಕ್ಷೆಯ ರಿಸಲ್ಟು ನೋಡಿದಾಗಲೂ ಆಗಿರಲಿಲ್ಲ.

ಕಿರಣ್‌ಕುಮಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಹಂಗಾದ್ರೆ ಕದ್ದಿಲ್ಲ ಅಂತೀಯ?"

"ಕದ್ದಿಲ್ಲ ಸರ್. ತಪ್ಪು ಜರಡೀದು, ತಿದ್ದೀನಿ. ಅವನು ಸೆಟಿಂಗ್ ಕಾಪಿ ಮಾಡಿದ್ದನ್ನ ಅವನೇ ಸರಿಮಾಡ್ತಾನೆ."

"ಫೋನ್ ಅವ್ನ ಕೈಗೆ ಕೊಡು."

ಅವರು ಏನಂದರೋ ನನಗೆ ಕೇಳಿಸಲಿಲ್ಲ. ಬೀರೇಶ "ಇಲ್ಲ ಸರ್, ಪರವಾಗಿಲ್ಲ ಬಿಡ್ರಿ ಸರ್" ಎನ್ನುತ್ತಾ ಗೋಡೆಯ ಕಡೆ ತಿರುಗಿಕೊಂಡ. "ಸೋಮವಾರ ಬೇಗ್ ಬರ್ತೀನಿ ಸರ್" ಎಂದು ಫೋನ್ ಹಿಂದಕ್ಕೆ ಕೊಟ್ಟಾಗ ಅವನ ಕಣ್ಣು ಕೆಂಪಾಗಿತ್ತು.

ರೂಟರನ್ನು ಒರೆಸಿ ಮತ್ತೆ ಹಾಕಿದ. ಗೋವಿಂದಪ್ಪನ ಕರೆ ಬಂತು. ಓಬಕ್ಕ "ಕುಂಟಿ ಎಲ್ಲಿ? ಕುಂಟಿ ತೋರ್ಸು" ಎಂದು ಕೂಗುತ್ತಿದ್ದಳು. ನನ್ನ ಪರದೆಯ ಮೇಲೆ ಅವಳ ಹೆಸರು ಮೆಲ್ಲಗೆ ಅಲ್ಲಾಡಿತು, ಪಾಪ, ಎಷ್ಟು ಪುಟ್ಟ ಅಂಕಿ. ಮುಖ ಕಾಣದ ಆ ಪುಣ್ಯಾತ್ಮನಿಗೆ ಅಲ್ಲೇ ಕೂತು ಕೈಮುಗಿದೆ. ಅವನು ಒಳಗೆಲ್ಲ ತೆರೆದಿಟ್ಟು ಕೊಟ್ಟಿರದಿದ್ದರೆ ನನಗೆ ಬಿಚ್ಚಿ ನೋಡಲಾಗುತ್ತಿರಲಿಲ್ಲ, ಬೀರೇಶ ಸೋಮವಾರ ಮನೆಯಲ್ಲಿರುತ್ತಿದ್ದ.

ಹೊರಡುವಾಗ ಓಬಕ್ಕ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಕೊಟ್ಟಳು. ಹೊಸದುರ್ಗದ ನನ್ನ ಬಾಡಿಗೆ ಮನೆಯಲ್ಲಿ ಅಂಥ ಗಟ್ಟಿ ಮೊಸರು ಅದೇ ಮೊದಲು ಆಗಿದ್ದು.

ನಾನು ತಿದ್ದಿದ್ದನ್ನು ಪರೀಕ್ಷೆಯ ಸಮೇತ ಆ ಪರದೇಶದವನಿಗೆ ಕಳಿಸಿದೆ. ಕೆಲವು ದಿನ ಬಿಟ್ಟು ಉತ್ತರ ಬಂತು. ಮೂಲದಲ್ಲೇ ಆ ತಪ್ಪಿತ್ತಂತೆ, ಯಾರೂ ಗಮನಿಸಿರಲಿಲ್ಲವಂತೆ. ನನ್ನ ತಿದ್ದುಪಡಿಯನ್ನು ಸೇರಿಸಿಕೊಂಡಿದ್ದ, ತುಂಬಾ ಉಪಕಾರವಾಯಿತು ಎಂದಿದ್ದ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದ: ಈ ಓಬಕ್ಕ ಅಂದರೆ ಯಾರು?

ಓಬಕ್ಕನಿಗೆ ಫೋನ್ ಮಾಡಿ ಹೇಳಿದೆ. ದೂರದೇಶದವರು ನಿನ್ನನ್ನು ಕೇಳುತ್ತಿದ್ದಾರೆ, ಏನಂತ ಬರೆಯಲಿ ಎಂದೆ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಬೀರೇಶನ ದೊಡ್ಡವ್ವ ಅಂತ ಬರಿಯವ್ವ" ಎಂದಳು.