ನಾಲ್ಕು ತೂತಿನ ಗುಂಡಿ

ಅಮ್ಮ, ಮನೆಗೆ ಬಂದಿದ್ದ ನರ್ಸು ಇಬ್ಬರೂ ಸೇರಿ ದರ್ಜಿಯನ್ನು ಕುರ್ಚಿಯಿಂದ ಮಂಚಕ್ಕೆ ಎತ್ತುವಾಗ, ಅವನ ತೊಡೆಯಡಿಯಿಂದ ಕೋಟಿನ ದಪ್ಪ ಗುಂಡಿಯೊಂದು ಟಪ್ಪನೆ ನೆಲಕ್ಕೆ ಬಿತ್ತು. ಬೆಳಿಗ್ಗೆಯಿಂದ ಅದರ ಮೇಲೇ ಕೂತು ಕೈಮಷೀನು ತಿರುಗಿಸಿದ್ದ. ಚರ್ಮದ ಮೇಲೆ ಕೆಂಪು ಅಚ್ಚು, ನಾಲ್ಕು ತೂತುಗಳ ಸಮೇತ. ಬಟ್ಟೆಯೂ ಒದ್ದೆ. ದರ್ಜಿ ಗೋಡೆಗೆ ಮುಖ ಮಾಡಿದ.

"ಗೊತ್ತೇ ಆಗಲಿಲ್ವೇನೋ? ಎಮ್ಮೆ ಚರ್ಮ ಕಣೋ ನಿಂದು. ಇರು, ಎಣ್ಣೆ ಹಾಕಿ ತಿಕ್ತೀನಿ," ಎಂದಳು ಅಮ್ಮ.

"ತಿಕ್ಕಬೇಡಿ ಅಮ್ಮಾ, ಇನ್ನೂ ಕೆಡುತ್ತೆ," ಎಂದರು ನರ್ಸು. "ಕೆಂಪು ಹೋಗೋವರೆಗೂ ಅಲ್ಲಿ ಭಾರ ಬೀಳಬಾರದು. ಏಣಿಯಿಂದ ಬಿದ್ದಾಗ ಇವನ ಬೆನ್ನುಹುರಿಗೆ ಪೆಟ್ಟಾಯ್ತಲ್ಲ, ಕಾಲಿನ ಸುದ್ದಿ ಮಿದುಳಿಗೆ ಹೋಗೋ ದಾರಿ ಅದು. ನೋವಿನ ಸುದ್ದೀನೂ ಮುಟ್ಟಲ್ಲ, ಮೂತ್ರದ್ದೂ ಮುಟ್ಟಲ್ಲ. ನೀರೆಷ್ಟು ಕುಡೀತೀಯ ತಮ್ಮಾ?"

ಅಮ್ಮನೇ ಉತ್ತರಿಸಿದಳು.

"ದಿನಕ್ಕೆ ಒಂದೇ ಲೋಟ ಸಿಸ್ಟರ್. ಗಿರಾಕಿ ಮುಂದೆ ಒದ್ದೆಯಾದ್ರೆ ಮಾನ ಹೋಗುತ್ತಂತೆ. ಅದಕ್ಕೇ ಗಿರಾಕಿಗೂ ಇವನಿಗೂ ನಡುವೆ ಈ ಪರದೆ. ಅಳತೆ ತಗೊಳ್ಳೋದೂ ನಾನೇ. ಮೊನ್ನೆ ಒಬ್ಬರ ತೋಳಿನ ಅಳತೆ ಕಾಲಿಗೆ ಬರೆಸಿಬಿಟ್ಟೆ!"

ದರ್ಜಿಯ ಕಿವಿ ಸುಟ್ಟಿತು. ಊರವರೆಲ್ಲರ ಸೊಂಟದ ಸುತ್ತಳತೆ ಬಲ್ಲವನು, ತನ್ನ ಸೊಂಟದ ಕೆಳಗಿನ ಸುದ್ದಿಯನ್ನು ಯಾರಿಗೂ ಹೇಳಲಾರದೆ ಉಳಿದಿದ್ದ.

"ನೀರು ಕುಡಿಯೋದು ಬಿಟ್ಟರೆ ಸೋಂಕಾಗಿ ಮೂತ್ರಪಿಂಡಕ್ಕೇ ಕುತ್ತು. ಡಾಕ್ಟರು ಹೇಳಿದಷ್ಟು ಕುಡಿ. ಹೊತ್ತಿಗೆ ಸರಿಯಾಗಿ ನಳಿಕೆ ಹಾಕಿ ಮೂತ್ರ ಖಾಲಿ ಮಾಡ್ಕೊಳ್ಳೋದನ್ನ ನಾನು ಕಲಿಸ್ತೀನಿ. ಕೂರೋ ಮುಂಚೆ ಕುರ್ಚಿ ತಡವಿ ನೋಡು. ಕಾಲು ಗಂಟೆಗೊಮ್ಮೆ ಕೈಯೂರಿ ಮೈ ಎತ್ತು. ದಿನಾ ಕನ್ನಡಿ ಹಿಡಿದು ಚರ್ಮ ನೋಡ್ಕೋ."

"ಹಿಂಭಾಗಾನಾ?" ಎಂದ ದರ್ಜಿ.

"ಗಿರಾಕಿಗಳಿಗೆ ಕನ್ನಡಿ ಹಿಡಿದು ಅವರ ಹಿಂಭಾಗ ನೀನೇ ತೋರಿಸ್ತಿದ್ದೆಯಲ್ಲಪ್ಪಾ!"

ಅಮ್ಮ ನಕ್ಕಳು. ಎಣ್ಣೆ ಬಾಟಲಿಯನ್ನು ಗೂಡಿಗೆ ಸೇರಿಸಿ ನೀರು ತಂದಳು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬೆನ್ನುಹುರಿಗೆ ಪೆಟ್ಟಾದವರಿದ್ದರೆ, ನೀರು ಕುಡಿದಿರಾ, ಮೈ ಎತ್ತಿದಿರಾ ಎಂದು ಕೇಳಿ. ಚರ್ಮ ಕೆಂಪಾದರೆ, ಜ್ವರ ಬಂದರೆ, ಅಂದೇ ಆಸ್ಪತ್ರೆಯಲ್ಲಿ ತೋರಿಸಿ. ನಾಚಿಕೆಯನ್ನು ಅವರೊಬ್ಬರ ತಲೆಗೇ ಕಟ್ಟಬೇಡಿ.

ಮೂರನೇ ದಿನ ಕೆಂಪು ಇಳಿದಿತ್ತು. ದರ್ಜಿ ಕುರ್ಚಿ ತಡವಿ ಕೂತ. ನೀರಿನ ಲೋಟ ಕೈಯಲ್ಲಿದ್ದಾಗಲೇ ಬಾಗಿಲಲ್ಲಿ ಚಪ್ಪಲಿ ಸದ್ದು, ಕೋಟಿನ ಗಿರಾಕಿ. ಅಮ್ಮ ಪರದೆಗೆ ಕೈ ಹಾಕಿದಳು.

"ಎಳೀಲೇನೋ?"

ಅವನ ಕಿವಿ ಇನ್ನೂ ಸುಡುತ್ತಿತ್ತು.

"ಬೇಡ."