ಕೂತದ್ದೇ ತಪ್ಪು

ನನ್ನ ಗಂಡ ಶೀನ ಮಾಡಿದ ಅಪರಾಧ ಇಷ್ಟೆ: ಗಿರಾಕಿಯ ಕುರ್ಚಿಯಲ್ಲಿ ಕೂತ. ತಮಿಳು ಸೀಮೆಯ ಅಡ್ಯಾರಿನ ಹೋಟೆಲೊಂದರಲ್ಲಿ ತಲೆ ನರೆಯುವವರೆಗೆ ಸಪ್ಲೈಯರ್ ಆಗಿದ್ದವನು, ಮಧ್ಯಾಹ್ನದ ರಶ್ಶಿನಲ್ಲಿ ಸಾಂಬಾರಿನ ಬಕೆಟ್ ಕೆಳಗಿಟ್ಟು ಕೂತುಬಿಟ್ಟ. ಕೆಲಸದವರು ಗಿರಾಕಿಗಳು ಉಣ್ಣುವ ಹಾಲಿನಲ್ಲಿ ಕೂರಬಾರದು ಎಂಬುದು ನಮ್ಮ ಊರಿನವರ ಹೋಟೆಲುಗಳಲ್ಲಿ ಯಾರೂ ಬರೆದಿಡದ ಕಾನೂನು.

ಧಣಿ ಶ್ರೀಶ ಗಲ್ಲಾದಿಂದಲೇ ಕೂಗಿದನಂತೆ, “ಎಂತ ಮಾರಾಯ, ನಿಂಗೂ ಒಂದು ಎಲೆ ಹಾಕ್ಬೇಕಾ?” ಗಿರಾಕಿಗಳು ನಕ್ಕರು. ಸಂಜೆ ಕೆಲಸ ಹೋಯಿತು.

ಅಷ್ಟರಲ್ಲಾಗಲೇ ಅವನಿಗೆ ಕಾಲು ನೋವು ಶುರುವಾಗಿ ತಿಂಗಳುಗಳೇ ಆಗಿದ್ದವು. ಸ್ವಲ್ಪ ನಡೆದರೆ ಸಾಕು, ತೊಡೆಯಿಂದ ಮೀನಖಂಡದವರೆಗೆ ಉರಿ, ಜೋಮು. ನಮ್ಮ ಬೀದಿಯ ಡಾಕ್ಟರು ಕಾಲನ್ನು ಮುಟ್ಟಿ ಕೂಡ ನೋಡದೆ, “ರಕ್ತ ಓಡುತ್ತಿಲ್ಲ, ಬೀಡಿ ಬಿಡು, ದಿನಾ ನಡಿ” ಎಂದುಬಿಟ್ಟರು. ಶೀನ ಹುಟ್ಟಿದ ಮೇಲೆ ಬೀಡಿ ಮುಟ್ಟಿದವನಲ್ಲ. ನಡೆಯಲು ಹೇಳಿದ್ದಾದರೂ ಯಾರಿಗೆ? ನಡೆಯುವುದೇ ಕೆಲಸವಾದವನಿಗೆ!

ಇದನ್ನು ಕೇಳಿ ಶ್ರೀಶನೂ ಡಾಕ್ಟರಾದ. “ನೋವು ಬಂದ್ರೆ ಗೋಡೆ ಹತ್ರ ನಿಲ್ಲು. ನನ್ನ ಮಾವನಿಗೂ ಇದೇ ರಕ್ತದ ತೊಂದರೆ. ಅವರಿಗೆ ನಿಂತ ಕೂಡ್ಲೇ ಹೋಗ್ತದೆ.” ಶೀನ ನಿಂತ. ನೋವು ಹೋಗಲಿಲ್ಲ. ಮಾವನ ಕಾಲು ಸತ್ಯವಂತ, ನನ್ನ ಗಂಡನ ಕಾಲು ಸುಳ್ಳುಗಾರ ಎಂದು ತೀರ್ಮಾನವಾಯಿತು.

ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಕ್ಲೀನರ್ ರಜೆ ಹಾಕಿದ ದಿನ ಶೀನ ಎಂಜಲು ತಟ್ಟೆಯ ಟ್ರಾಲಿ ತಳ್ಳುತ್ತ ಹಾಲಿನ ತುಂಬ ಆರಾಮವಾಗಿ ಓಡಾಡಿದ್ದ. ಆ ಸಿಸಿಟಿವಿ ತುಣುಕನ್ನು ಶ್ರೀಶ, ಶೀನನನ್ನು ಕೆಲಸದಿಂದ ತೆಗೆದ ರಾತ್ರಿಯೇ, ಕೆಲಸದವರ ವಾಟ್ಸಾಪ್ ಗುಂಪಿಗೆ ಹಾಕಿ, “ಇವನಿಗೆ ಒಂದು ಆಸ್ಕರ್ ಕೊಡಿ” ಎಂದು ಬರೆದ. ನನಗೆ ಮೈಯೆಲ್ಲ ಉರಿದುಹೋಯಿತು. ಶೀನನ ಮೊಬೈಲ್ ಕಿತ್ತುಕೊಂಡು ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿ ಸಿಕ್ಕವಳು ನೇಹಾ ಎಂಬ ಡಾಕ್ಟರ್, ರೈಲ್ವೆಯಲ್ಲಿದ್ದ ಕನ್ನಡದವರ ಮಗಳು, ಇಲ್ಲೇ ಬೆಳೆದು ತಮಿಳು ಬೆರೆತ ಕನ್ನಡ ಆಡುವವಳು. ಅವಳು ಮೊದಲು ಬಗ್ಗಿ ಶೀನನ ಪಾದದ ಮೇಲೆ ಬೆರಳಿಟ್ಟಳು.

“ನಾಡಿ ಚೆನ್ನಾಗಿದೆ, ಪಾದ ಬೆಚ್ಚಗಿದೆ. ಮಾಮಾ, ವಲಿ, ಅದೇ ನೋವು, ಬಂದಾಗ ಸುಮ್ನೆ ನಿಂತ್ರೆ ಪೋಗುತ್ತಾ, ಇಲ್ಲ ಕೂತ್ರೇನೇನಾ?”

ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ಶೀನ ತಲೆ ತಗ್ಗಿಸಿದ. “ನಿಂತ್ರೆ ಹೋಗೂದಿಲ್ಲ. ಕೂರ್ಲೇಬೇಕು.”

ನಾನು ವಿಡಿಯೋ ಅವಳ ಮುಖಕ್ಕೆ ಹಿಡಿದೆ. “ಹಾಗಾದ್ರೆ ಇದೆಂತ ಹೇಳಿ!”

“ಇಲ್ಲಿ ಪಾರುಂಗೊ ಮಾಮಿ, ಟ್ರಾಲಿ ಮೇಲೆ ಮುಂದಕ್ಕೆ ಬಗ್ಗಿದಾರೆ. ಬಗ್ಗಿದ್ರೆ, ಕೂತ್ರೆ ಬೆನ್ನೆಲುಬಿನೊಳಗೆ ನರಕ್ಕೆ ಜಾಗ ಸಿಗತ್ತೆ. ನೆಟ್ಟಗೆ ನಿಂತ್ರೆ ಒತ್ತತ್ತೆ. ರಕ್ತದ ತೊಂದರೆ ಆಗಿದ್ರೆ ನಿಂತ್ರೇ ಪೋದುಂ, ಅಷ್ಟೇ ಸಾಕು, ನೋವು ಹೋಗತ್ತೆ. ಸ್ಕ್ಯಾನ್ ಮಾಡಿ ನೋಡೋಣ, ಆದ್ರೆ ಇವರು ನಟನೆ ಮಾಡ್ತಿಲ್ಲ.”

“ಹೌದಾ?” ಎಂದ ಶೀನ.

ಆ ‘ಹೌದಾ’ ಕೇಳಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತನ್ನ ನೋವು ನಿಜವೋ ಸುಳ್ಳೋ ಎಂದು ಅವನಿಗೇ ಅನುಮಾನ ಬರುವಷ್ಟು ಅವನನ್ನು ಅರೆದಿದ್ದರು.

ಸ್ಕ್ಯಾನಿನಲ್ಲೂ ಅದೇ ಬಂತು. ಅವತ್ತೇ ಶೀನನನ್ನೂ ಕರೆದುಕೊಂಡು ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದೆ. ಶ್ರೀಶ ನಾಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು!

“ಹಾಗಾದ್ರೆ ಟ್ರಾಲಿ ತಳ್ಳೂದಕ್ಕೆ ತೊಂದರೆ ಇಲ್ಲ ಅಂತಾಯ್ತಲ್ಲ. ನಾಳೆಯಿಂದ ಕ್ಲೀನಿಂಗಿಗೆ ಬಾ.”

ನಾನು ಬಾಯಿಗೆ ಬಂದದ್ದನ್ನು ಅನ್ನುವ ಮೊದಲೇ ಶೀನ ನನ್ನ ಕೈ ಹಿಡಿದ.

“ನಾನು ಸಪ್ಲೈಯರ್, ಧಣಿ. ಬಡಿಸ್ಲಿಕ್ಕೇ ಬರ್ತೇನೆ,” ಎಂದ. “ಆದ್ರೆ ಹಾಲಿನಲ್ಲಿ ನನಗೆ ಒಂದು ಸ್ಟೂಲ್ ಬೇಕು. ನೋವು ಬಂದ್ರೆ ಎಲ್ಲರ ಎದುರೇ ಕೂರ್ತೇನೆ.”

ಕ್ಷಮೆ ಕೇಳು ಅನ್ನಲಿಲ್ಲ, ಆ ವಿಡಿಯೋ ಅಳಿಸು ಅನ್ನಲಿಲ್ಲ. ಒಂದು ಸ್ಟೂಲ್ ಕೇಳಿದ.

ಶ್ರೀಶ ಅದಕ್ಕೂ, ಯೋಚನೆ ಮಾಡಿ ಹೇಳುತ್ತೇನೆ ಎಂದ.